ಹದಿನೆಂಟು ಬಟ್ಟಲುಹುಳ

ಜುಲೈ ೧೪

ದೊಡ್ಡಮ್ಮ,

ಹೀಗೆ ಕಾಗದ ಬರೆದು ನಿನ್ನ ತಲೆ ತಿನ್ನುತ್ತಿರುವುದಕ್ಕೆ ಮೊದಲೇ ಸಾರಿ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವಳ ಕೈಗೆ ಇದು ಸಿಗುತ್ತದೆ ಎಂದು ಗೊತ್ತು. ಫೋನ್ ಮಾಡೋಣವೆಂದರೆ ಇಪ್ಪತ್ತೆರಡು ವರ್ಷ ಗುಡುಗುವ ಬ್ಲೋವರ್ ಯಂತ್ರಗಳ ಮನೆಯ ಪಕ್ಕದಲ್ಲಿ ಕೂತ ನಿನ್ನ ಕಿವಿಗೆ ಫೋನು ಒಗ್ಗುವುದಿಲ್ಲ. ನಾನು ಕಿರುಚಿದರೆ ಇಡೀ ಹಾಸ್ಟೆಲ್ ಸೇರುತ್ತದೆ. ಕೇಳಬೇಕಾದ ವಿಷಯವೋ ಕಿರುಚಿ ಹೇಳುವಂಥದ್ದಲ್ಲ.

ನನಗೆ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣುತ್ತಿಲ್ಲ.

ಬಯಾಲಜಿಯೇ ಬೇಕು ಎಂದು ಹಟ ಹಿಡಿದು ಸೇರಿದವಳ ಕಥೆ ಇದು. ಕಳೆದ ವಾರ ಈರುಳ್ಳಿಯ ಪದರದಿಂದ ತೆಳ್ಳಗಿನ ಸಿಪ್ಪೆ ಎಬ್ಬಿಸಿ, ಬಣ್ಣ ಹಾಕಿ, ಮೇಲೆ ಗಾಜು ಮುಚ್ಚಿ, ಕಂಡದ್ದನ್ನು ರೆಕಾರ್ಡಿನಲ್ಲಿ ಬರೆಯಬೇಕಿತ್ತು. ಹೈಸ್ಕೂಲಿನಿಂದ ಬರೆದ ಚಿತ್ರವೇ ತಾನೆ? ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು ಕೋಶಗಳು, ಒಂದೊಂದರಲ್ಲೂ ಚುಕ್ಕೆಯಂಥ ಕೋಶಕೇಂದ್ರ. ನೀಟಾಗಿ ಬರೆದೆ. ಪ್ರಾಕ್ಟಿಕಲ್ ಮೇಡಂ ಮೊದಲು ನನ್ನ ಸ್ಲೈಡ್ ನೋಡಿದರು, ಆಮೇಲೆ ರೆಕಾರ್ಡ್ ನೋಡಿದರು.

"ಇದೆಲ್ಲಿ ಕಾಣ್ತು ನಿಂಗೆ?"

"ಸ್ಲೈಡಲ್ಲೇ ಮೇಡಂ."

"ಸ್ಲೈಡಲ್ಲಿ ಇರೋದು ಒಂದು ದೊಡ್ಡ ಗಾಳಿಗುಳ್ಳೆ ಕಣಮ್ಮಾ. ಜೊತೆಗೆ ನಿನ್ನ ರೆಪ್ಪೆಕೂದಲೂ ಕಂಡಿರ್ಬೇಕು. ನೀನು ಬರ್ದಿರೋದು ಹತ್ತನೇ ಕ್ಲಾಸಿನ ಪುಸ್ತಕ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಕೆಂಪು ಇಂಕಿನಲ್ಲಿ 'ರಿಪೀಟ್'. ಇದು ಮೂರನೇ ಸಲ. ಇನ್ನೊಂದಾದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲವಂತೆ.

ನೀನು ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು. ಆದರೂ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ ಕೂತು ದಿನಾ ಬೆಳಿಗ್ಗೆ ಊರಿನ ಕೊಳಚೆ ನೀರಿನ ಒಂದು ಹನಿ ಮೈಕ್ರೋಸ್ಕೋಪಿನಲ್ಲಿ ನೋಡಿ ಟ್ಯಾಂಕು ಚೆನ್ನಾಗಿದೆಯೋ ಇಲ್ಲವೋ ಹೇಳುತ್ತೀಯ. ಹೇಗೆ ನೋಡುತ್ತೀಯ? ಏನಾದರೂ ಟ್ರಿಕ್ ಇದ್ದರೆ ಹೇಳು.

ಇನ್ನೊಂದು ವಿಷಯ. ರೂಮಿನವರಿಗೆ ನೀನು ನೀರಿನ ಇಲಾಖೆಯಲ್ಲಿದ್ದೀಯ ಎಂದು ಹೇಳಿದ್ದೇನೆ. ಪೂರ್ತಿ ಸುಳ್ಳೇನಲ್ಲವಲ್ಲ?

ನಿನ್ನ
ಗಡಿಬಿಡಿ


ಜುಲೈ ೨೦

ಗಡಿಬಿಡಿ,

ಸಾರಿಗೀರಿ ಅಲ್ಲೇ ಇಟ್ಟುಕೊ. ನಿನ್ನ ಕಾಗದ ಓದಿ ನನಗೆ ಸಂತೋಷವೇ ಆಯಿತು. ನೀನು ಐದನೇ ಕ್ಲಾಸಿನಿಂದ ಹಾಸ್ಟೆಲುಗಳಿಂದ ಬರೆದ ಕಾಗದಗಳೆಲ್ಲ ನನ್ನ ಟ್ರಂಕಿನಲ್ಲಿವೆ. ಎಲ್ಲದರಲ್ಲೂ ಒಂದೇ ಪಾಠ: ಚೆನ್ನಾಗಿ ಓದುತ್ತಿದ್ದೇನೆ, ಚೆನ್ನಾಗಿ ಊಟ ಮಾಡುತ್ತಿದ್ದೇನೆ. ವಾರ್ಡನ್ ಓದಿದ ಮೇಲೆಯೇ ಅಂಚೆಗೆ ಹಾಕುತ್ತಿದ್ದರು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಟೈಫಾಯಿಡ್ ಬಂದು ಮಲಗಿದ್ದಾಗಲೂ 'ಚೆನ್ನಾಗಿದ್ದೇನೆ' ಎಂದೇ ಬರೆದಿದ್ದೆಯಲ್ಲೇ! 'ಕಾಣುತ್ತಿಲ್ಲ' ಎಂದು ನೀನು ಬರೆದದ್ದು ಇದೇ ಮೊದಲು. ಅದು ಒಳ್ಳೆಯ ಸುದ್ದಿ.

ಟ್ರಿಕ್ ಏನೂ ಇಲ್ಲ. ಗಾಜನ್ನು ಒಂದೇ ಸಲ ಧಪ್ ಎಂದು ಇಡಬೇಡ. ಒಂದು ಅಂಚು ನೀರಿಗೆ ತಾಗಿಸಿ ಸೂಜಿಯಿಂದ ನಿಧಾನಕ್ಕೆ ಇಳಿಸು, ಗುಳ್ಳೆ ಹೊರಗೆ ಓಡುತ್ತದೆ. ಇನ್ನೊಂದು ಕಣ್ಣು ಮುಚ್ಚಬೇಡ, ತೆರೆದೇ ಇರಲಿ. ಮತ್ತೆ, ಅವಸರ ಮಾಡಬೇಡ. ನಿನಗೆ ಅದೊಂದು ಮಾತ್ರ ಆಗದ ಕೆಲಸ.

ನಮ್ಮ ಟ್ಯಾಂಕಿನ ಸಂಗತಿ ನೀನು ಯಾವತ್ತೂ ಕೇಳಿರಲಿಲ್ಲ. ಊರಿನ ಬಚ್ಚಲು, ಸಂಡಾಸು ಎಲ್ಲದರ ನೀರೂ ನಮ್ಮಲ್ಲಿಗೆ ಬರುತ್ತದೆ. ಎರಡು ಬ್ಲೋವರುಗಳು ತಳದಿಂದ ಗಾಳಿ ಊದುತ್ತವೆ. ಕೊಳಕನ್ನು ಬ್ಯಾಕ್ಟೀರಿಯ ತಿನ್ನುತ್ತವೆ. ಬ್ಯಾಕ್ಟೀರಿಯವನ್ನು ಬಟ್ಟಲುಹುಳ ತಿನ್ನುತ್ತದೆ. ಒಂದೇ ಒಂದು ಕೋಶದ ಪ್ರಾಣಿ ಅದು. ತೊಟ್ಟಿನ ಮೇಲೆ ಬಟ್ಟಲು ಇಟ್ಟ ಹಾಗೆ ಇರುವುದರಿಂದ ನಾನು ಇಟ್ಟ ಹೆಸರು. ಬಾಯಿ ಹತ್ತಿರ ಚಕ್ರ ತಿರುಗಿಸುತ್ತ ಎಲ್ಲವನ್ನೂ ಎಳೆದುಕೊಂಡು ನುಂಗುವ ಇನ್ನೊಂದಿದೆ, ಅದು ಗಿರಣಿಹುಳ. ನಿಮ್ಮ ಪುಸ್ತಕದಲ್ಲಿ ಆಹಾರ ಸರಪಳಿ ಎನ್ನುತ್ತಾರೇನೋ, ನಾನು ಮೆಸ್ಸು ಎನ್ನುತ್ತೇನೆ. ಎಲ್ಲರೂ ಉಂಡು ಮುಗಿಸಿದ ಮೇಲೆ ತಿಳಿಯಾದ ನೀರು ಜೊಂಡು ಬೆಳೆದ ಹೊಂಡಕ್ಕೆ ಹೋಗಿ, ಅಲ್ಲಿಂದ ಹೊಳೆ ಸೇರುತ್ತದೆ. ಗಾಳಿ ಕಡಿಮೆಯಾದರೆ ಮೊದಲು ಸಾಯುವುದು ಬಟ್ಟಲುಹುಳ. ಅದಕ್ಕೇ ಅದನ್ನು ಎಣಿಸುವುದು. ಒಳ್ಳೆಯ ದಿನ ಸ್ಲೈಡಿನ ಹತ್ತು ಕಡೆ ನೋಡಿದರೆ ಹದಿನೈದು, ಇಪ್ಪತ್ತು ಸಿಗುತ್ತವೆ.

ಒಂದು ಕೆಲಸ ಮಾಡೋಣ. ಟ್ಯಾಂಕಿನ ನೀರನ್ನು ಬಾಟಲಿಯಲ್ಲಿ ಪಾರ್ಸೆಲ್ ಮಾಡುತ್ತೇನೆ. ನಿನಗೆ ಅಭ್ಯಾಸವಾಗುತ್ತದೆ. ಹತ್ತು ಕಡೆ ನೋಡಿ ಎಣಿಸಿ ಬರೆ. ತಡ ಮಾಡಬೇಡ.

ನೀರಿನ ಇಲಾಖೆ ಎಂದು ಹೇಳಿದ್ದು ಸರಿಯೇ ಇದೆ ಬಿಡು. ನೀರೇ ಅಲ್ಲವೇ ಅದೂ.

ದೊಡ್ಡಮ್ಮ


ಜುಲೈ ೨೯ (ಅಂಚೆಗೆ ಹಾಕದ ಕಾಗದ)

ದೊಡ್ಡಮ್ಮ,

ಪಾರ್ಸೆಲ್ ನಾಲ್ಕನೇ ದಿನಕ್ಕೆ ಬಂತು. ಟೇಪ್ ಬಿಚ್ಚಿ ಮುಚ್ಚಳ ತೆಗೆದೆ ನೋಡು, ಏನು ಹೇಳಲಿ! ರೂಮಿನ ಮೂವರೂ ಮೂಗು ಮುಚ್ಚಿಕೊಂಡು ಕಾರಿಡಾರಿಗೆ ಓಡಿದರು. "ಯಾವ್ದೋ ಹೆಣ ತಂದಿಟ್ಕೊಂಡಿದಾಳೆ ಕಣ್ರೇ" ಎಂದು ಒಬ್ಬಳು ಕೂಗಿದ್ದು ಮೂರು ಮಹಡಿಗೂ ಕೇಳಿತು. ಲ್ಯಾಬಿನ ಪ್ರಾಜೆಕ್ಟ್ ಎಂದು ಹೇಳಿ ತಪ್ಪಿಸಿಕೊಂಡೆ.

ಲ್ಯಾಬಿನಲ್ಲಿ ಎರಡು ಗಂಟೆ ನೋಡಿದೆ. ನೀನು ಹೇಳಿದ ಹಾಗೆಯೇ ಗಾಜು ಇಳಿಸಿದೆ. ಗುಳ್ಳೆ ಇರಲಿಲ್ಲ. ಕಪ್ಪು ಚೂರುಗಳು ಕಂಡವು. ಏನೂ ಅಲುಗಾಡಲಿಲ್ಲ. ಎಲ್ಲ ಸತ್ತಿವೆಯೋ, ಇದ್ದೂ ನನಗೆ ಕಾಣುತ್ತಿಲ್ಲವೋ, ಅದೇ ಗೊತ್ತಾಗುತ್ತಿಲ್ಲ. ಕಣ್ಣು ಉರಿಯಲು ಶುರುವಾದ ಮೇಲೆ ಎದ್ದು ಬಂದೆ.

ನಾನು ಈ ಕೋರ್ಸಿಗೆ ಲಾಯಕ್ಕಿಲ್ಲ ಅನಿಸುತ್ತದೆ. ಇದನ್ನು ನಿನಗೆ ಹೇಗೆ ಬರೆ


ಜುಲೈ ೩೦

ದೊಡ್ಡಮ್ಮ,

ಬಾಟಲಿ ಸರಿಯಾಗಿ ತಲುಪಿತು, ಥ್ಯಾಂಕ್ಯೂ. ನೀನು ಹೇಳಿಕೊಟ್ಟ ಸೂಜಿಯ ಉಪಾಯ ಕೆಲಸ ಮಾಡಿತು. ಈಗ ಚೆನ್ನಾಗಿ ಕಾಣುತ್ತಿದೆ.

ಹತ್ತು ಕಡೆ ನೋಡಿದೆ. ಬಟ್ಟಲುಹುಳ ಹದಿನೆಂಟು. ಗಿರಣಿಹುಳ ನಾಲ್ಕು.

ಚಿತ್ರ ಇಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ, ಚೆನ್ನಾಗಿ ಓದುತ್ತಿದ್ದೇನೆ.

ಗಡಿಬಿಡಿ


ಆಗಸ್ಟ್ ೫

ಗಡಿಬಿಡಿ,

ಹದಿನೆಂಟು! ಭಲೆ! ನಾನೇ ಎಣಿಸಿದ್ದರೂ ಅಷ್ಟೇ ಬರುತ್ತಿತ್ತು. ನಿನ್ನ ಎಣಿಕೆ ನಮ್ಮ ರಿಜಿಸ್ಟರಿಗೆ ಸರಿಯಾಗಿ ಕೂರುತ್ತದೆ. ನಿನ್ನ ಚಿತ್ರವನ್ನು ಮೈಕ್ರೋಸ್ಕೋಪಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.

ಇದರ ಜೊತೆ ಇನ್ನೊಂದು ಬಾಟಲಿ ಹೊರಟಿದೆ. ಈ ಸಲ ಇನ್ನೂ ಸ್ವಲ್ಪ ನೋಡು. ಬಟ್ಟಲಿನ ಬಾಯಿ ಅರಳಿದೆಯೋ, ಊದಿಕೊಂಡು ಮುಚ್ಚಿದೆಯೋ? ತೊಟ್ಟು ಹೇಗಿದೆ? ಬಟ್ಟಲು ಕಳಚಿ ಬರೀ ತೊಟ್ಟು ನಿಂತದ್ದು ಎಷ್ಟಿದೆ? ನನಗೆ ಗೊತ್ತಿಲ್ಲದೆ ಕೇಳುತ್ತಿಲ್ಲ ಮತ್ತೆ, ನಿನಗೆ ಅಭ್ಯಾಸವಾಗಲಿ ಎಂದು ಕೇಳುತ್ತಿದ್ದೇನೆ.

ಇಲ್ಲಿ ಹೊಸ ಇಂಜಿನಿಯರ್ ಬಂದಿದ್ದಾನೆ. ಹುಡುಗ ಒಳ್ಳೆಯವನು, ಮೀಸೆ ಮಾತ್ರ ಇನ್ನೂ ಬರುವ ದಾರಿಯಲ್ಲಿದೆ. ಎರಡನೇ ಬ್ಲೋವರಿನ ಬೇರಿಂಗ್ ಕೂಗುತ್ತಿದೆ, ಅದನ್ನು ಬಿಚ್ಚಬೇಕು. ನಿನ್ನೆ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಅಮ್ಮಾ, ಒಂದೇ ಬ್ಲೋವರಲ್ಲಿ ಹದಿನೈದು ದಿನ ತಳ್ಳಬಹುದಾ?"

"ನನ್ನನ್ಯಾಕೆ ಕೇಳ್ತೀಯಪ್ಪಾ, ಇಂಜಿನಿಯರ್ ನೀನು."

"ಗಾಳಿ ಅಳೆಯೋ ಮೀಟರ್ ರಿಪೇರಿಗೆ ಹೋಗಿದೆ. ಈಗ ನಿಮ್ಮ ಹುಳಗಳೇ ನಂಗೆ ಮೀಟರ್. ಹುಳ ಜಾಸ್ತಿ ಇದ್ರೆ ಬಿಚ್ತೀನಿ, ಇಲ್ಲಾಂದ್ರೆ ಇಲ್ಲ."

ನೋಡಿ ಹೇಳುತ್ತೇನೆ ಎಂದಿದ್ದೇನೆ. ಈ ಸಲ ಬೇಗ ಬರೆ.

ದೊಡ್ಡಮ್ಮ


ಆಗಸ್ಟ್ ೧೨

ದೊಡ್ಡಮ್ಮ,

ಗೋಡೆಗೆ ಅಂಟಿಸಿದ್ದೀಯಾ? ಅಯ್ಯೋ, ಅಷ್ಟೇನೂ ಚೆನ್ನಾಗಿಲ್ಲ ಅದು.

ಎರಡನೇ ಬಾಟಲಿ ಬಂತು. ಬಟ್ಟಲುಹುಳ ಇಪ್ಪತ್ತೊಂದು. ಬಾಯಿ ಅರಳಿದೆ. ತೊಟ್ಟು ಎಲ್ಲ ನೇರ, ಕಡ್ಡಿ ಇಟ್ಟ ಹಾಗೆ. ಕಳಚಿದ್ದು ಯಾವುದೂ ಇಲ್ಲ. ಗಿರಣಿಹುಳ ಐದು.

ಇಂಜಿನಿಯರ್ ನಿನ್ನ ಹುಳಗಳನ್ನೇ ಮೀಟರ್ ಮಾಡಿಕೊಂಡಿರುವುದು ಓದಿ ನಕ್ಕೆ. ನಿನಗೇನು ಕಷ್ಟ, ದಿನಾ ನೋಡುವವಳು, ನೋಡಿ ಹೇಳಿಬಿಡುತ್ತೀಯ. ನನಗೆ ಈ ವಾರ ಎಲೆಯ ಕೆಳಮೈಯಲ್ಲಿ ಪತ್ರರಂಧ್ರ ಎಣಿಸುವುದಿದೆ. ಎಲೆ ಉಸಿರಾಡುವ ಆ ತೂತುಗಳು ಜೋಡಿ ತುಟಿಗಳ ಹಾಗೆ ಇರುತ್ತವಂತೆ. ಪುಸ್ತಕದಲ್ಲಿ ನೋಡಿಕೊಂಡಿದ್ದೇನೆ.

ಗಡಿಬಿಡಿ


ಆಗಸ್ಟ್ ೧೮

ಗಡಿಬಿಡಿ,

ಎರಡೇ ಸಾಲು. ಇಪ್ಪತ್ತೊಂದು ಎಂದರೆ ಟ್ಯಾಂಕು ಗಟ್ಟಿಯಾಗಿದೆ. ಇಂಜಿನಿಯರಿಗೆ ಹೂಂ ಎಂದೆ. ನಾಳೆ ಎರಡನೇ ಬ್ಲೋವರ್ ಬಿಚ್ಚುತ್ತಾರೆ.

ನನಗೆ ನೀನು ಮಾಡಿದ ಉಪಕಾರ ನಿನಗೇ ಗೊತ್ತಿಲ್ಲ.

ದೊಡ್ಡಮ್ಮ


ಆಗಸ್ಟ್ ೨೦

ದೊಡ್ಡಮ್ಮ,

ಇದು ನಿನ್ನ ಉತ್ತರ ಬರುವುದಕ್ಕೆ ಮೊದಲೇ ಬರೆಯುತ್ತಿರುವ ಕಾಗದ. ತಡೆದುಕೊಳ್ಳಲಾಗಲಿಲ್ಲ.

ಪತ್ರರಂಧ್ರದ ಚಿತ್ರಕ್ಕೂ ಮೇಡಂ ಕೆಂಪು ಇಂಕು ತೆಗೆದರು. ಆದರೆ ರಿಪೀಟ್ ಬರೆಯಲಿಲ್ಲ. ನನ್ನ ಪೆನ್ಸಿಲ್, ರಬ್ಬರ್, ರೆಕಾರ್ಡ್, ಪಠ್ಯಪುಸ್ತಕ ಎಲ್ಲ ತೆಗೆದುಕೊಂಡು ತಮ್ಮ ಡ್ರಾಯರಿಗೆ ಹಾಕಿ ಕೀ ತಿರುಗಿಸಿದರು.

"ನಿಂಗೆ ಕೈ ಮುಂದೆ, ಕಣ್ಣು ಹಿಂದೆ. ಈ ಕೊಳದ ನೀರು ಇಟ್ಕೊಂಡು ಒಂದು ಗಂಟೆ ಬರೀ ನೋಡು. ಬರೀಬೇಡ."

"ಮಾರ್ಕ್ಸ್ ಮೇಡಂ?"

"ನೋಡೋದಕ್ಕೆ ಮಾರ್ಕ್ಸ್ ಇಲ್ಲ. ಅದಕ್ಕೇ ಯಾರೂ ನೋಡಲ್ಲ."

ಮೊದಲ ಇಪ್ಪತ್ತು ನಿಮಿಷ ಕೈ ಎಲ್ಲಿಡಬೇಕು ಎಂದೇ ಗೊತ್ತಾಗಲಿಲ್ಲ. ಹಸಿರು ದಾರಗಳು, ಧೂಳು. ನಾನು ಸುಮ್ಮನೆ ಕೂತೆ. ಆಮೇಲೆ ಒಂದು ಕೊಳೆತ ಎಲೆಚೂರಿನ ಅಂಚಿನಲ್ಲಿ ಏನೋ ಮಿಸುಕಿತು. ಫೋಕಸ್ ಕೂದಲೆಳೆಯಷ್ಟು ತಿರುಗಿಸಿದೆ. ದೊಡ್ಡಮ್ಮ, ಬಟ್ಟಲುಹುಳ! ಗಾಜಿನಷ್ಟು ತಿಳಿ, ಒಳಗೆ ತಿಂದದ್ದರ ಗುಂಡುಗುಂಡು ಚೀಲಗಳು ಕಾಣುತ್ತಿವೆ, ಬಾಯಿಯ ಸುತ್ತ ರೋಮಗಳು ಎಷ್ಟು ಜೋರಾಗಿ ಬೀಸುತ್ತಿದ್ದವೆಂದರೆ ನೀರೇ ನಡುಗುತ್ತಿತ್ತು. ನನ್ನ ಮೊಣಕೈ ಮೇಜಿಗೆ ತಗುಲಿತು. ತಕ್ಷಣ ಆ ತೊಟ್ಟು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ ಬಟ್ಟಲನ್ನು ಕೆಳಕ್ಕೆ ಎಳೆದುಕೊಂಡಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಿಧಾನವಾಗಿ, 'ಹೋದ್ರಾ ಎಲ್ರೂ?' ಎಂದು ಬಾಗಿಲು ತೆಗೆದು ನೋಡುವವರ ಹಾಗೆ, ಮೇಲಕ್ಕೆ ಬಂತು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಮೇಡಂ ಬಂದು ನೋಡಿ ಬೆನ್ನು ತಟ್ಟಿದರು. ಆದರೆ ರೂಮಿಗೆ ಬಂದ ಮೇಲೆ ನಗು ನಿಂತಿತು.

ತೊಟ್ಟು ನೇರ, ಕಡ್ಡಿ ಇಟ್ಟ ಹಾಗೆ ಎಂದು ನಿನಗೆ ಬರೆದಿದ್ದೆನಲ್ಲ. ಬದುಕಿರುವವು ಎಲ್ಲವೂ ಒಂದೇ ಸಲ ಹಾಗೆ ನಿಲ್ಲುವುದಿಲ್ಲ. ಅದರ ಬಗ್ಗೆ ನಿನ್ನ ಹತ್ತಿರ ಒಂದು ಮಾತು ಹೇಳುವುದಿದೆ. ಮುಂದಿನ ಕಾಗದದಲ್ಲಿ ಹೇಳುತ್ತೇನೆ. ಸದ್ಯಕ್ಕೆ ಬಾಟಲಿ ಕಳಿಸಬೇಡ.

ಗಡಿಬಿಡಿ


ಆಗಸ್ಟ್ ೨೫

ಗಡಿಬಿಡಿ,

ಕೊಳದ ಹುಳದ ಕಾಗದ ಬಂತು. ಎರಡು ಸಲ ಓದಿದೆ. ಅದರ ಮಾತು ಆಮೇಲೆ ಆಡೋಣ.

ಇಲ್ಲಿ ಟ್ಯಾಂಕು ಕೆಟ್ಟಿದೆ. ಒಂದೇ ಬ್ಲೋವರಿನಲ್ಲಿ ಓಡಿಸುತ್ತಿದ್ದೇವೆ. ಮೂರನೇ ದಿನವೇ ಹಸಿ ಮಣ್ಣಿನ ವಾಸನೆ ಹೋಗಿ ಕೊಳೆತ ಮೊಟ್ಟೆಯ ವಾಸನೆ ಬಂತು. ಕಂದು ಬಣ್ಣ ಕಪ್ಪಿಗೆ ತಿರುಗಿತು. ಉದ್ದನೆ ಜಾಡಿಯಲ್ಲಿ ತುಂಬಿಸಿಟ್ಟರೆ ಅರ್ಧ ಗಂಟೆಯಲ್ಲಿ ತಳಕ್ಕೆ ಕೂರಬೇಕಾದ ಬಗ್ಗಡ ಮೇಲೆಯೇ ತೇಲುತ್ತಿದೆ. ನೀರಿನ ಜೊತೆ ಅದೂ ಜೊಂಡಿನ ಹೊಂಡಕ್ಕೆ ಹರಿಯುತ್ತಿದೆ. ಹೊಂಡ ದಾಟಿದರೆ ಹೊಳೆ.

ನನ್ನ ಮೂಗು ಮೊದಲ ದಿನವೇ ಹೇಳಿತ್ತು. ಆದರೆ ನಿನ್ನ ಇಪ್ಪತ್ತೊಂದು ಬೇರೆ ಹೇಳುತ್ತಿತ್ತು. ಮೂಗನ್ನು ಬಿಟ್ಟು ಎಣಿಕೆಯನ್ನು ನಂಬಿ ಎರಡು ದಿನ ಸುಮ್ಮನಿದ್ದೆ. ನನ್ನ ಹತ್ತಿರ ಇನ್ನೊಂದು ಎಣಿಕೆ ಇರಲಿಲ್ಲ.

ಸಿಟ್ಟಿನಿಂದ ಕೇಳುತ್ತಿಲ್ಲ. ಆ ಹದಿನೆಂಟು, ಆ ಇಪ್ಪತ್ತೊಂದು, ನೀನು ಎಣಿಸಿದ್ದು ತಾನೆ?

ದೊಡ್ಡಮ್ಮ


ಆಗಸ್ಟ್ ೨೯

ದೊಡ್ಡಮ್ಮ,

ಎಣಿಸಿದ್ದಲ್ಲ.

ಎರಡು ಬಾಟಲಿಯಲ್ಲೂ ಏನೂ ಅಲುಗಾಡಲಿಲ್ಲ. ಒಳ್ಳೆಯ ದಿನ ಹದಿನೈದು, ಇಪ್ಪತ್ತು ಸಿಗುತ್ತವೆ ಎಂದು ನೀನು ಬರೆದಿದ್ದೆ. ಅದರ ನಡುವಿನ ಒಂದು ಸಂಖ್ಯೆ ಆರಿಸಿಕೊಂಡೆ. ಎರಡನೇ ಸಲ ನಿನಗೆ ಇನ್ನೂ ಖುಷಿಯಾಗಲಿ ಎಂದು ಮೂರು ಸೇರಿಸಿದೆ. ಚಿತ್ರ ಪುಸ್ತಕದ್ದು. ಜುಲೈ ಇಪ್ಪತ್ತೊಂಬತ್ತರಂದು ನಿಜವನ್ನೇ ಬರೆಯಲು ಕೂತಿದ್ದೆ, ಮುಗಿಸಲಾಗಲಿಲ್ಲ. ಆ ಅರ್ಧ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಕಾಗದ ಓದಿದ ಕೂಡಲೇ ಪ್ಲಾಂಟಿಗೆ ಫೋನ್ ಮಾಡಿದೆ. ವಾಚ್‌ಮನ್ ಎತ್ತಿದರು. ಎರಡನೇ ಬ್ಲೋವರ್ ಈಗಲೇ ಹಾಕಿ ಎಂದು ಕಿರುಚಿದೆ.

"ಯಾರಮ್ಮಾ ನೀವು?"

"ಮೈಕ್ರೋಸ್ಕೋಪ್ ನೋಡೋ ಅಮ್ಮನ ತಂಗಿ ಮಗಳು!"

"ಅಯ್ಯೋ ಮಗೂ, ಅದರ ಬೇರಿಂಗ್ ಒಂದು ಊರಲ್ಲಿದೆ, ಮೋಟ್ರು ಇನ್ನೊಂದು ಊರಲ್ಲಿದೆ. ಎಲ್ಲಿಂದ ಹಾಕೋದು?"

ಹಾಸ್ಟೆಲಿನ ಅರ್ಧ ಜನ ಬಾಗಿಲಿಗೆ ಬಂದು ನಿಂತಿದ್ದರು. ಈಗ ಎಲ್ಲರಿಗೂ ನಿನ್ನ ಕೆಲಸ ಗೊತ್ತು. ಅದು ನನಗೆ ಇಷ್ಟು ದಿನ ದೊಡ್ಡ ವಿಷಯವಾಗಿತ್ತು ಎಂಬುದೇ ಈಗ ನಾಚಿಕೆ.

ಅಭ್ಯಾಸಕ್ಕೆ ಅಷ್ಟೇ ಎಂದು ನಂಬಿ ಸುಳ್ಳು ಬರೆದೆ. ಅದನ್ನು ನೆಪ ಎಂದು ಹೇಳುತ್ತಿಲ್ಲ. ಆದರೆ ನಿನ್ನ ಕಾಗದ ಓದಿದಾಗಿನಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ನಿನ್ನ ಹತ್ತಿರ ಇನ್ನೊಂದು ಎಣಿಕೆ ಯಾಕೆ ಇರಲಿಲ್ಲ? ಮೈಕ್ರೋಸ್ಕೋಪ್ ನಿನ್ನ ಮೇಜಿನ ಮೇಲೇ ಇದೆ. ನಿನ್ನ ಕಾಗದಗಳನ್ನು ಮೊದಲಿನಿಂದ ತೆಗೆದು ನೋಡಿದೆ. ನೀನು ವಾಸನೆ ಬರೆಯುತ್ತೀಯ, ಬಣ್ಣ ಬರೆಯುತ್ತೀಯ. ಈ ಎರಡು ತಿಂಗಳಲ್ಲಿ ಒಂದು ಹುಳ ನೋಡಿದೆ ಎಂದು ಎಲ್ಲೂ ಬರೆದಿಲ್ಲ. ಜುಲೈನಲ್ಲಿ ಒಂದು ಪುಟಕ್ಕೆ ಇಪ್ಪತ್ತು ಸಾಲು ಬರೆಯುತ್ತಿದ್ದವಳು ಈಗ ಎಂಟು ಸಾಲು ಬರೆಯುತ್ತೀಯ. ಅಕ್ಷರ ಅಷ್ಟು ದೊಡ್ಡದು.

ದೊಡ್ಡಮ್ಮ, ನಿನಗೆ ಕಣ್ಣು ಕಾಣುತ್ತಿದೆಯಾ?

ಗಡಿಬಿಡಿ


ಸೆಪ್ಟೆಂಬರ್ ೯

ದೊಡ್ಡಮ್ಮ,

ಹನ್ನೊಂದು ದಿನವಾಯಿತು. ಬೈದಾದರೂ ಬರೆ. ಬೈಯುವುದಕ್ಕೂ ಮನಸ್ಸಿಲ್ಲದಿದ್ದರೆ ಖಾಲಿ ಹಾಳೆ ಮಡಚಿ ಹಾಕು, ನೀನು ಇದ್ದೀಯ ಎಂದು ತಿಳಿದುಕೊಳ್ಳುತ್ತೇನೆ.

ಪ್ರಾಕ್ಟಿಕಲ್ ಮೇಡಂಗೆ ಎಲ್ಲ ಹೇಳಿದೆ. ರೆಕಾರ್ಡಿನಲ್ಲಿ ಪುಸ್ತಕದಿಂದ ಬರೆದ ಚಿತ್ರ ಯಾವ ಯಾವುದು ಎಂದು ನಾನೇ ಗುರುತು ಹಾಕಿ ಕೊಟ್ಟೆ. ಏಳು. ಏಳನ್ನೂ ಮತ್ತೆ ನೋಡಿ ಬರೆಯಬೇಕು. ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ಆಮೇಲೆ ಹೇಳುತ್ತಾರಂತೆ.

ಗಡಿಬಿಡಿ


ಸೆಪ್ಟೆಂಬರ್ ೧೪

ಗಡಿಬಿಡಿ,

ಈ ಅಕ್ಷರ ನನ್ನದಲ್ಲ. ನಮ್ಮ ಇಂಜಿನಿಯರ್ ಬರೆಯುತ್ತಿದ್ದಾನೆ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ಅವನದೇನೂ ಸೇರಿಸಬಾರದು ಎಂದು ಹೇಳಿದ್ದೇನೆ.

(ಅಕ್ಷರ ದುಂಡಗಿಲ್ಲ, ಕ್ಷಮಿಸಿ. — ಇಂಜಿನಿಯರ್)

ನಿನ್ನ ಕಾಗದವನ್ನು ದೀಪದ ಕೆಳಗೆ ಭೂತಗನ್ನಡಿ ಹಿಡಿದು ಎರಡು ಸಂಜೆ ಓದಿದೆ. ಅರ್ಧ ಬರೆದದ್ದನ್ನೂ ಓದಿದೆ. ಹೌದು, ಕಾಣುತ್ತಿಲ್ಲ. ಬಲಗಣ್ಣಿಗೆ ಹೋದ ವರ್ಷವೇ ಪೊರೆ ಬಂತು. ನಾನು ಎಡಗಣ್ಣಿಗೆ ಬದಲಾಯಿಸಿಕೊಂಡೆ. ಈ ವರ್ಷ ಅದಕ್ಕೂ ಬಂತು. ಹನಿಯ ಮೇಲೆ ಯಾರೋ ಹಾಲು ಚೆಲ್ಲಿದ ಹಾಗೆ. ಕೆಲವು ತಿಂಗಳು ಮೂಗಿನಿಂದ, ಜಾಡಿಯಿಂದ ಅಂದಾಜು ಮಾಡಿ ರಿಜಿಸ್ಟರಿನಲ್ಲಿ ಹುಳದ ಲೆಕ್ಕ ತುಂಬಿದೆ. ತಪ್ಪಾಗಲಿಲ್ಲ, ಅದರಿಂದ ಧೈರ್ಯ ಬಂತು. ಜುಲೈನಲ್ಲಿ ಎರಡನೇ ಬ್ಲೋವರಿನ ಬೇರಿಂಗ್ ಕೂಗಲು ಶುರುವಾದಾಗ ಇನ್ನು ಅಂದಾಜು ಸಾಲುವುದಿಲ್ಲ ಎನಿಸಿತು. ಆಗಲೇ ನಿನ್ನ ಕಾಗದ ಬಂದದ್ದು. ಕಾಣದವಳು ಕಾಣದವಳನ್ನು ಕೇಳಿದೆ, ಅಭ್ಯಾಸ ಎಂದು ಸುಳ್ಳು ಹೇಳಿ.

ಅದನ್ನು ಇವನಿಗೆ ಹೇಳುವುದು ನಿನಗೆ ಬರೆಯುವುದಕ್ಕಿಂತ ಕಷ್ಟವಾಯಿತು. ಮೈಕ್ರೋಸ್ಕೋಪಿನಿಂದ ಎಬ್ಬಿಸಿ ಗೇಟಿನ ಹತ್ತಿರ ಕೂರಿಸುತ್ತಾರೆ ಎಂಬ ಹೆದರಿಕೆ. ಹೇಳಿದೆ. ಇವನು, "ಅಮ್ಮಾ, ನೀವು ದಿನಾ ಲೆನ್ಸ್ ಒರೆಸಿ ಒರೆಸಿ ಬೈತಿದ್ರಲ್ಲ, ನಾನು ಲೆನ್ಸೇ ಹಾಳಾಗಿದೆ ಅನ್ಕೊಂಡು ಹೊಸದಕ್ಕೆ ಅರ್ಜಿ ಬರ್ದಿದೀನಿ" ಎಂದ.

(ನಿಜ. — ಇಂಜಿನಿಯರ್)

ಬಾಟಲಿಯ ವಿಷಯ. ನಿನ್ನ ಹುಳಗಳು ಸತ್ತೇ ಬಂದಿದ್ದವು. ನೀನು ನೋಡಿದ್ದು ಸರಿಯಾಗಿತ್ತು. ಕೊಂದವಳು ನಾನು. ರೂಮಿನವರಿಗೆ ವಾಸನೆ ಬಂದು ನಿನಗೆ ಅವಮಾನವಾಗದಿರಲಿ ಎಂದು ಕತ್ತಿನವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ, ಎರಡು ಸುತ್ತು ಟೇಪ್ ಸುತ್ತಿದ್ದೆ. ಇಪ್ಪತ್ತೆರಡು ವರ್ಷ ಗಾಳಿ ಊದುವ ಕಡೆ ಸಂಬಳ ತಿಂದವಳು ಬಾಟಲಿಗೆ ಗಾಳಿ ಬೇಕೆಂಬುದನ್ನು ಮರೆತೆ.

ನೀನು ಮಾಡಿದ್ದು ತಪ್ಪು. ನಾನು ಮಾಡಿದ್ದೂ ತಪ್ಪು. ಒಂದು ಇನ್ನೊಂದನ್ನು ಹೊಡೆದು ಹಾಕುವುದಿಲ್ಲ, ಎರಡೂ ಇದ್ದಲ್ಲೇ ಇರುತ್ತವೆ. ಇಷ್ಟು ಹೇಳಿ ಬಿಟ್ಟೆ, ಮತ್ತೆ ಎತ್ತುವುದಿಲ್ಲ.

ಬ್ಲೋವರ್ ಮೂರನೇ ತಾರೀಕು ಕೂರಿಸಿದರು. ಬಗ್ಗಡ ಹೊಳೆಯವರೆಗೆ ಹೋಗಲಿಲ್ಲ, ಜೊಂಡು ತಡೆಯಿತು. ಜೊಂಡಿನ ಟೊಳ್ಳು ಕಾಂಡ ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತದೆ, ಅದರಿಂದ ಕೆಸರಿನಲ್ಲೂ ಹುಳಗಳು ಉಸಿರಾಡುತ್ತ ಕೆಲಸ ಮಾಡುತ್ತವೆ. ಮೊದಲೆರಡು ಸಾಲು ಮಾತ್ರ ಬಗ್ಗಡ ಹೊತ್ತು ಹಳದಿಯಾಗಿ ಮಲಗಿವೆ. ಟ್ಯಾಂಕಿನ ವಾಸನೆ ಇಳಿದಿದೆ. ಹುಳ ಬಂದಿವೆಯೋ ಇಲ್ಲವೋ ಗೊತ್ತಿಲ್ಲ. ಇವನನ್ನು ಮೈಕ್ರೋಸ್ಕೋಪಿಗೆ ಕೂರಿಸಿದೆ. ಗಾಳಿಗುಳ್ಳೆ ನೋಡಿ "ಅಮ್ಮಾ, ದೊಡ್ಡದೊಂದು ಸಿಕ್ತು" ಎನ್ನುತ್ತಾನೆ.

(ಇದನ್ನು ಬರೆಸಬೇಡಿ ಎಂದು ಕೇಳಿಕೊಂಡೆ. ಒಪ್ಪಲಿಲ್ಲ. — ಇಂಜಿನಿಯರ್)

ಕಣ್ಣಿನ ಡಾಕ್ಟರು ಇಪ್ಪತ್ತೆಂಟಕ್ಕೆ ಆಪರೇಷನ್ ಎಂದಿದ್ದಾರೆ. ಮೊದಲು ಬಲಗಣ್ಣು. ಆಮೇಲೆ ಹತ್ತು ದಿನ ಪ್ಲಾಂಟಿನ ಕಡೆ ತಲೆ ಹಾಕುವ ಹಾಗಿಲ್ಲ. ನಾನು ಇನ್ನೂ ಒಪ್ಪಿಲ್ಲ. ಟ್ಯಾಂಕು ಈಗ ತಾನೇ ಚೇತರಿಸಿಕೊಳ್ಳುತ್ತಿದೆ. ಅದನ್ನು ಹೀಗೆ ಬಿಟ್ಟು ಹೇಗೆ ಹೋಗಿ ಮಲಗಲಿ? ಸುಳ್ಳು ಹೇಳುವುದಿಲ್ಲ, ಕಣ್ಣಿನ ಹತ್ತಿರ ಕತ್ತಿ ತರುತ್ತಾರೆ ಎಂದರೆ ನನಗೆ ಹೆದರಿಕೆ. ಮುಂದಿನ ವರ್ಷ ನೋಡೋಣ ಎಂದುಕೊಂಡಿದ್ದೇನೆ.

ಹತ್ತೊಂಬತ್ತರ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಬಾಟಲಿ ಕಳಿಸುತ್ತೇನೆ. ಕಾಲು ಭಾಗ ನೀರು, ಮಿಕ್ಕದ್ದು ಗಾಳಿ, ಬಾಯಿಗೆ ತೆಳು ಬಟ್ಟೆ. ವಾಸನೆ ಬರುತ್ತದೆ, ಬರಲಿ. ನಾಲ್ಕು ಗಂಟೆಯ ದಾರಿ. ಬಸ್ ಸ್ಟ್ಯಾಂಡಿಗೆ ಹೋಗಿ ತೆಗೆದುಕೊ. ಎಷ್ಟು ಕಂಡರೆ ಅಷ್ಟು ಬರೆ.

ದೊಡ್ಡಮ್ಮ


ಸೆಪ್ಟೆಂಬರ್ ೨೦

ದೊಡ್ಡಮ್ಮ,

(ಇಂಜಿನಿಯರ್ ಅವರೇ, ಇದನ್ನು ದಯವಿಟ್ಟು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ನಡುವೆ ಏನೂ ಬಿಡಬೇಡಿ.)

ಡ್ರೈವರ್ ಬಾಟಲಿಯನ್ನು ತೋಳುದ್ದ ದೂರ ಹಿಡಿದು ಕೊಟ್ಟರು. "ನಿಮ್ಮ ದೊಡ್ಡಮ್ಮ ಇದನ್ನ ಮಗು ಥರ ನೋಡ್ಕೊಳ್ಳಿ ಅಂದ್ರು ಕಣಮ್ಮಾ, ನೋಡ್ಕೊಂಡೆ. ಇನ್ನೊಂದ್ಸಲ ಹೇಳ್ಬೇಡಿ ಅನ್ನಿ." ರೂಮಿನ ಒಬ್ಬಳು ಲ್ಯಾಬಿನವರೆಗೂ ಜೊತೆಗೆ ಬಂದಳು, ಮೂಗು ಮುಚ್ಚಿಕೊಂಡೇ. ಒಂದು ಕೈ ಬಾಟಲಿಗೆ ಕೊಟ್ಟಳು.

ಹತ್ತು ಕಡೆ ಸಾಲದು ಎನಿಸಿ ಇಪ್ಪತ್ತು ಕಡೆ ನೋಡಿದೆ. ಬಟ್ಟಲುಹುಳ ಮೂರು. ಮೂರೂ ಸಣ್ಣವು, ತೊಟ್ಟು ಮೋಟು, ಬಾಯಿ ತೆರೆದಿದೆ, ಮೇಜು ತಟ್ಟಿದರೆ ಸುರುಳಿ ಸುತ್ತುತ್ತವೆ. ಬಟ್ಟಲು ಕಳಚಿದ ಬರೀ ತೊಟ್ಟು ಹದಿನಾಲ್ಕು. ಗಿರಣಿಹುಳ ಒಂದೂ ಇಲ್ಲ. ಬಾಲ ಬಡಿದುಕೊಂಡು ಓಡುವ ತೀರ ಸಣ್ಣವು ತುಂಬ ಇವೆ, ನನ್ನಿಂದ ಎಣಿಸಲಾಗಲಿಲ್ಲ. ಎಂಟನೇ ಕಡೆ ಕಂಡ ಒಂದು, ಹುಳವೋ ಅಲ್ಲವೋ ತಿಳಿಯಲಿಲ್ಲ, ಲೆಕ್ಕಕ್ಕೆ ಹಿಡಿದಿಲ್ಲ. ಮೇಡಂ ತಾವೂ ಕೂತು ಅದೇ ಸ್ಲೈಡ್ ನೋಡಿದರು, ಅವರಿಗೆ ಸಿಕ್ಕಿದ್ದು ನಾಲ್ಕು. ಎರಡು ಸಂಖ್ಯೆಯನ್ನೂ ಬರೆಯುತ್ತಿದ್ದೇನೆ. ನನ್ನ ಕಣ್ಣಿಗೆ ಟ್ಯಾಂಕು ಬದುಕಿದೆ, ಆದರೆ ಇನ್ನೂ ಎದ್ದು ಓಡಾಡುವ ಹಾಗಿಲ್ಲ. ಯಾವ ಬ್ಲೋವರನ್ನೂ ಮುಟ್ಟಬೇಡಿ.

ಮುಂದಿನ ವರ್ಷ ಎನ್ನಬೇಡ. ಮುಂದಿನ ವರ್ಷಕ್ಕೆ ನೀನು ಮೆಟ್ಟಿಲನ್ನೂ ಅಂದಾಜಿನಿಂದ ಇಳಿಯುತ್ತೀಯ. ಆ ಟ್ಯಾಂಕಿನ ಸುತ್ತ ಇರುವ ಕಟ್ಟೆ ಎಷ್ಟು ಗಿಡ್ಡ ಎಂದು ನನಗೆ ಗೊತ್ತು. ನಾನು ಬಂದು ಹತ್ತು ದಿನ ನಿನ್ನ ಮೇಜಿನಲ್ಲಿ ಕೂತು ನೋಡುತ್ತೇನೆ. ಮೇಡಂ ಹತ್ತಿರ ರಜೆ ಕೇಳಿದೆ.

"ಪರೀಕ್ಷೆಗೆ ಮುಂಚೆ ಹತ್ತು ದಿನಾನಾ? ಅಲ್ಲಿ ಹೋಗಿ ಏನು ಮಾಡ್ತೀಯಾ?"

"ದಿನಾ ಒಂದು ಹನಿ ನೋಡಿ, ಇದ್ದದ್ದನ್ನ ಬರೀತೀನಿ ಮೇಡಂ."

ಅವರು ನನ್ನ ರೆಕಾರ್ಡ್ ತೆಗೆದು, ಏಳರಲ್ಲಿ ನಾನು ಮತ್ತೆ ಬರೆದ ಐದನ್ನು ನೋಡಿದರು. ಈರುಳ್ಳಿಯ ಚಿತ್ರದಲ್ಲಿ ಈಗ ಒಂದು ಮೂಲೆ ಮಸುಕಾಗಿದೆ. ಅಲ್ಲಿ ಸಿಪ್ಪೆ ಮಡಚಿಕೊಂಡಿತ್ತು, ಕಾಣಲಿಲ್ಲ, ಅದನ್ನು ಖಾಲಿ ಬಿಟ್ಟು 'ಕಾಣಲಿಲ್ಲ' ಎಂದು ಬರೆದಿದ್ದೆ. ಮೇಡಂ ಆ ಖಾಲಿ ಜಾಗದ ಪಕ್ಕದಲ್ಲೇ ಸಹಿ ಮಾಡಿದರು. ಮಿಕ್ಕ ಎರಡರ ಬದಲಿಗೆ ನಿನ್ನ ಪ್ಲಾಂಟಿನಲ್ಲೇ ಎರಡು ನೋಡಿ ಬರೆದು ತರಬೇಕಂತೆ. ಒಂದು ಜೊಂಡಿನ ಕಾಂಡದ ಅಡ್ಡಸೀಳು, ಇನ್ನೊಂದು ನಿನ್ನ ಟ್ಯಾಂಕಿನ ಹನಿ. ತಂದರೆ ಪರೀಕ್ಷೆಗೆ ಕೂರಿಸುತ್ತಾರೆ.

ನನಗೆ ಹೆದರಿಕೆ ಇಲ್ಲ ಎಂದಲ್ಲ. ನಾನು ತಪ್ಪು ಎಣಿಸಬಹುದು. ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬಳೇ ಕೂರಬೇಕು. ಆದರೂ ಬರುತ್ತೇನೆ. ನೀನು ಒಳಗೆ ಹೆದರಿಕೊ, ನಾನು ಹೊರಗೆ ಹೆದರಿಕೊಳ್ಳುತ್ತೇನೆ.

ರಜೆಯ ಅರ್ಜಿಯನ್ನು ಇಪ್ಪತ್ತೈದರ ಒಳಗೆ ಆಫೀಸಿಗೆ ಕೊಡಬೇಕು. ಇಪ್ಪತ್ತೆಂಟಕ್ಕೆ ಒಪ್ಪಿದೆಯೋ ಇಲ್ಲವೋ, ಅಷ್ಟೇ ತಿಳಿಸು. ಅಂಚೆಯಲ್ಲಿ ತಡವಾಗುತ್ತದೆ ಎಂದು ಇದನ್ನು ಬಸ್ಸಿನ ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ, ಉತ್ತರವನ್ನೂ ಹಾಗೆಯೇ ಕಳಿಸು. ದಯವಿಟ್ಟು ಬೇಗ ಬರೆ.

ಗಡಿಬಿಡಿ